ಕಡಿಮೆ ಉಂಡರೆ ಹೆರಿಗೆ ಸಲೀಸಾ? ಹದಿನೆಂಟರ ಬಸುರಿಯ ಊಟದ ಬಗ್ಗೆ ಅಕ್ಕನೊಬ್ಬಳ ಪ್ರಶ್ನೆ

ಪ್ರಶ್ನೆ: ಡಾಕ್ಟರ್ ಮೇಡಂ, ನಾನು ಬೆಂಗಳೂರಿನಲ್ಲಿ ಕೆಲಸ ಮಾಡುತ್ತೇನೆ. ನನ್ನ ತಂಗಿಯನ್ನು ಕೊಪ್ಪಳ ಜಿಲ್ಲೆಯ ಒಂದು ಹಳ್ಳಿಗೆ ಕೊಟ್ಟಿದ್ದೇವೆ. ಪಿಯುಸಿ ಮುಗಿದ ಕೂಡಲೇ ಮದುವೆ ಆಯಿತು. ಈಗ ಹದಿನೆಂಟು ತುಂಬಿ ಎಂಟು ತಿಂಗಳು. ಐದು ತಿಂಗಳ ಬಸುರಿ. ಎತ್ತರ ಐದಡಿ. ಮದುವೆ ಹೊತ್ತಿಗೆ 40 ಕೆಜಿ ಇದ್ದಳು, ಈಗ 42. ತಾಯಿ ಕಾರ್ಡಿನಲ್ಲಿ ರಕ್ತ 8.4 ಅಂತ ಬರೆದಿದ್ದಾರೆ. ಅವಳ ಅತ್ತೆ ಕೆಟ್ಟವರಲ್ಲ. ಆದರೆ ‘ಜಾಸ್ತಿ ಉಂಡ್ರ ಕೂಸು ದೊಡ್ಡದಾಗಿ ಹೊಟ್ಟಿ ಕೊಯ್ಯಬೇಕಾಗತೈತಿ, ತುಸು ಉಣ್ಣು’ ಅಂತಾರೆ. ಪಪ್ಪಾಯಿ ಬೇಡ, ಬಾಳೆಹಣ್ಣು ತಂಪು, ಎಳ್ಳು ಉಷ್ಣ, ಮೊಟ್ಟೆಯೂ ಉಷ್ಣ. ಕೆಂಪು ಗುಳಿಗೆ ನುಂಗಿದರೆ ಕೂಸು ಕಪ್ಪಾಗುತ್ತೆ ಅಂತ ಓಣಿಯವರು ಹೇಳಿದ್ದಾರಂತೆ. ಆ ಗುಳಿಗೆಯಿಂದ ಅವಳಿಗೆ ವಾಕರಿಕೆ ಬಂತು, ಸಂಡಾಸ ಕಪ್ಪಾಯಿತು. ಹೆದರಿ ಬಿಟ್ಟುಬಿಟ್ಟಳು. ಹೋದ ವಾರ ಫೋನಿನಲ್ಲಿ ಮೆಲ್ಲಗೆ ಇನ್ನೊಂದು ಹೇಳಿದಳು. ಅಂಗಡಿಯಿಂದ ಬಳಪ ತರಿಸಿಕೊಂಡು ಯಾರಿಗೂ ಗೊತ್ತಾಗದ ಹಾಗೆ ತಿನ್ನುತ್ತಾಳಂತೆ. ನಾನು ಪ್ರೋಟೀನ್ ಪುಡಿ ಕಳಿಸಲಾ? ಇಲ್ಲಿಗೇ ಕರೆಸಿಕೊಂಡುಬಿಡಲಾ? ಇಷ್ಟು ಚಿಕ್ಕ ವಯಸ್ಸಿಗೆ ಬಸುರಾದವಳು ಏನು ತಿನ್ನಬೇಕು?

ಉತ್ತರ: ಮೊದಲು ಬಳಪದ ಮಾತು ಆಡೋಣ. ನಿಮ್ಮ ತಂಗಿ ಅದನ್ನು ನಾಚಿಕೊಂಡು ಹೇಳಿದ್ದಾಳೆ. ನನಗೆ ಅವಳ ಇಡೀ ಕಥೆ ಅಲ್ಲೇ ಕಾಣುತ್ತಿದೆ.

ತಾಲ್ಲೂಕು ಆಸ್ಪತ್ರೆಯಲ್ಲಿದ್ದಾಗ ಒಬ್ಬ ಹುಡುಗಿ ಬಂದಿದ್ದಳು. ಇವಳಷ್ಟೇ ವಯಸ್ಸು. ನಾಲಿಗೆ ನೋಡೋಣ ಅಂತ ಬಾಯಿ ತೆರೆಸಿದರೆ ಹಲ್ಲಿನ ಸಂದಿಯಲ್ಲಿ ಬೂದು ಬಿಳುಪಿನ ಪುಡಿ. ನಾಲಿಗೆ ಮಾತ್ರ ನುಣ್ಣಗೆ, ಬಿಳಿಚಿಕೊಂಡಿತ್ತು. ಏನಮ್ಮಾ ಇದು ಅಂದರೆ ಅತ್ತೆಯ ಕಡೆ ನೋಡಿದಳು. ಅತ್ತೆಯನ್ನು ಹೊರಗೆ ಕೂರಿಸಿದ ಮೇಲೆ ಸೆರಗಿನ ತುದಿಯ ಗಂಟು ಬಿಚ್ಚಿ ತೋರಿಸಿದಳು. ಮೂರು ತುಂಡು ಬಳಪ. ಒಂದರ ತುದಿ ಕಚ್ಚಿ ಕಚ್ಚಿ ಸವೆದಿತ್ತು. ಅವಳ ಹಿಮೋಗ್ಲೋಬಿನ್, ಅಂದರೆ ಕಾರ್ಡಿನಲ್ಲಿ ‘ರಕ್ತ’ ಅಂತ ಬರೆಯುವ ಅಂಕಿ, 7ರ ಹತ್ತಿರ ಇತ್ತು.

ಬಳಪ, ಕೆಮ್ಮಣ್ಣು, ಹಸಿ ಅಕ್ಕಿ, ಒಲೆಯ ಬೂದಿ ಇವುಗಳ ಮೇಲೆ ಆಸೆ ಹುಟ್ಟುವುದು ಬಹಳ ಸಲ ಮೈಯಲ್ಲಿ ಕಬ್ಬಿಣದ ಅಂಶ ಬರಿದಾದಾಗ. ಇದನ್ನು ಮನೆಯಲ್ಲಿ ಬಸುರಿ ಬಯಕೆ ಅಂತಾರೆ, ಇಲ್ಲವೇ ಕೆಟ್ಟ ಚಟ ಅಂತ ಬೈತಾರೆ. ಎರಡೂ ಅಲ್ಲ. ಬೈದರೆ ಅವಳು ಇನ್ನೂ ಮುಚ್ಚಿಟ್ಟು ತಿನ್ನುತ್ತಾಳೆ ಅಷ್ಟೇ. ಬಳಪ ಹೊಟ್ಟೆಗೆ ಹೋದರೆ ಮಲ ಕಟ್ಟುತ್ತೆ, ಹಸಿವು ಸಾಯುತ್ತೆ. ಮಣ್ಣು ತಿಂದರೆ ಜಂತು ಸೇರಬಹುದು, ಊಟದಲ್ಲಿರುವ ಕಬ್ಬಿಣವೂ ಮೈಗೆ ಹತ್ತದೆ ಹೋಗಬಹುದು. ಕಬ್ಬಿಣ ಸರಿಯಾಗಿ ಸಿಗತೊಡಗಿದರೆ ಕೆಲವೇ ವಾರಗಳಲ್ಲಿ ಈ ಆಸೆ ತಾನಾಗಿ ಇಳಿಯುತ್ತೆ. ಇದನ್ನು ಅವಳಿಗೆ ಹೇಳಿ. ತಲೆ ಕೆಟ್ಟಿಲ್ಲ, ರಕ್ತ ಕಡಿಮೆ ಆಗಿದೆ ಅಂತ ಹೇಳಿ.

ಈಗ ಚಿಕ್ಕ ವಯಸ್ಸಿನ ವಿಷಯ. ಹದಿನೆಂಟೂ ಮುಕ್ಕಾಲರ ಹತ್ತಿರ ಇರುವವಳಿಗೂ ಹದಿನೈದರ ಹುಡುಗಿಗೂ ತುಂಬಾ ವ್ಯತ್ಯಾಸ ಇದೆ. ಅದನ್ನು ಹೇಳದೆ ನಿಮ್ಮನ್ನು ಸುಮ್ನೆ ಹೆದರಿಸಲಾರೆ. ಹದಿನಾಲ್ಕು ಹದಿನೈದಕ್ಕೆ ಸೊಂಟದ ಎಲುಬಿನ ಗೂಡೇ ಪೂರ್ತಿ ಅಗಲವಾಗಿರುವುದಿಲ್ಲ. ನಿಮ್ಮ ತಂಗಿಯ ವಯಸ್ಸಿಗೆ ಆ ಬೆಳವಣಿಗೆ ಬಹುತೇಕ ಮುಗಿದಿರುತ್ತೆ, ಎತ್ತರವೂ ನಿಂತಿರುತ್ತೆ. ಆದರೆ ಎಲುಬಿಗೆ ಸುಣ್ಣದ ಅಂಶ ತುಂಬುವ ಕೆಲಸ ಇಪ್ಪತ್ತು ದಾಟಿದ ಮೇಲೂ ನಡೆಯುತ್ತೆ. ಮೈಯಲ್ಲಿ ಕಬ್ಬಿಣ ಕೂಡಿಡುವ ಕೆಲಸ ಅವಳಲ್ಲಿ ಶುರುವೇ ಆಗಿಲ್ಲ. ಮೈನೆರೆದ ದಿನದಿಂದ ತಿಂಗಳು ತಿಂಗಳು ರಕ್ತ ಹೋಗಿದೆ, ಅಷ್ಟು ತುಂಬಿಸುವ ಊಟ ಸಿಕ್ಕಿಲ್ಲ. ಅಂದರೆ ಈಗ ಒಂದೇ ತಟ್ಟೆಯಲ್ಲಿ ಬೆಳೆಯುವವರು ಇಬ್ಬರು ಉಣ್ಣುತ್ತಿದ್ದಾರೆ.

‘ತಾಯಿ ಹೆಂಗಿದ್ರೂ ಕೂಸು ತನಗೆ ಬೇಕಾದ್ದು ಎಳಕೋತೈತಿ’ ಅಂತ ಹಳ್ಳಿಯಲ್ಲಿ ಹೇಳುತ್ತಾರೆ. ಅದು ಅರ್ಧ ಮಾತ್ರ ನಿಜ. ಮಗು ಎಳೆದುಕೊಳ್ಳುತ್ತೆ ಹೌದು, ತಾಯಿ ಬಡವಾಗುತ್ತಾಳೆ ಹೌದು. ಆದರೆ ಇನ್ನೂ ಬೆಳೆಯುವ ಮೈ ತನ್ನ ಪಾಲನ್ನು ಬಿಟ್ಟುಕೊಡುವುದಿಲ್ಲ. ಹಾಗಾಗಿ ಚಿಕ್ಕ ವಯಸ್ಸಿನ ತಾಯಂದಿರಿಗೆ ತೂಕ ಕಡಿಮೆ ಇರುವ ಮಗು, ದಿನ ತುಂಬುವ ಮುಂಚೆ ಹುಟ್ಟುವ ಮಗು ಹೆಚ್ಚು. ಎಷ್ಟೋ ಸಲ ಇಬ್ಬರಿಗೂ ಸಾಲದೆ ಹೋಗುತ್ತೆ.

ಇನ್ನು ಅತ್ತೆಯವರ ಮಾತು. ಈ ನಂಬಿಕೆ ಎಲ್ಲಿಂದ ಬಂತು ಅಂತ ನಾನು ಯೋಚಿಸಿದ್ದೇನೆ. ಆಸ್ಪತ್ರೆ ಹತ್ತಿರ ಇಲ್ಲದ ಕಾಲದಲ್ಲಿ ಮಗು ಅಡ್ಡ ಸಿಕ್ಕಿಕೊಂಡು ತಾಯಿ ಸತ್ತದ್ದನ್ನು ಕಣ್ಣಾರೆ ಕಂಡ ಹೆಂಗಸರು ಇದನ್ನು ಹೇಳಿದ್ದಾರೆ. ಅದು ಪ್ರೀತಿಯಿಂದಲೇ ಬಂದ ಭಯ. ಆದರೆ ಲೆಕ್ಕ ತಪ್ಪಿದೆ. ಆಪರೇಷನ್ ಬೇಕಾಗುವುದು ಮಗು ತಿರುಗಿ ಕೂತಿದ್ದರೆ, ನೋವು ಮುಂದುವರಿಯದೆ ನಿಂತರೆ, ಮಗುವಿನ ಎದೆಬಡಿತ ಏರುಪೇರಾದರೆ, ತಾಯಿಯ ಬಿ.ಪಿ. ಏರಿದರೆ. ಇವು ಯಾವುವೂ ಒಂದು ರೊಟ್ಟಿ ಕಡಿಮೆ ತಿಂದರೆ ತಪ್ಪುವಂಥವಲ್ಲ. ಮಗು ತೀರಾ ದಪ್ಪಗಾಗುವುದು ಹೆಚ್ಚಾಗಿ ತಾಯಿಗೆ ಸಕ್ಕರೆ ಕಾಯಿಲೆ ಇದ್ದಾಗ, ಇಲ್ಲವೇ ಅವಳ ತೂಕ ತುಂಬಾ ಇದ್ದಾಗ. 42 ಕೆಜಿಯ ಹುಡುಗಿಗೆ ಆ ಚಿಂತೆ ಬೇಡ. ಅವಳಿಗಿರುವ ಅಪಾಯ ಬೇರೆ. ಹೆರಿಗೆ ಅಂದರೆ ಹತ್ತು ಹನ್ನೆರಡು ತಾಸಿನ ದುಡಿಮೆ. ಬರಿದಾದ ಮೈಯಲ್ಲಿ ಆ ಕಸುವು ಇರುವುದಿಲ್ಲ. ಹೆರಿಗೆಯಲ್ಲಿ ಹೋಗುವ ರಕ್ತವನ್ನು ಹಿಮೋಗ್ಲೋಬಿನ್ 12 ಇರುವವಳು ತಡೆದುಕೊಳ್ಳುತ್ತಾಳೆ. 8 ಇರುವವಳಿಗೆ ಅಷ್ಟೇ ರಕ್ತ ಹೋದರೂ ಜೀವಕ್ಕೆ ಬರುತ್ತೆ. ಹುಟ್ಟಿದ ಮಗು ಎರಡೂವರೆ ಕೆಜಿಗಿಂತ ಕಡಿಮೆ ಇದ್ದರೆ ಮೈ ಬಿಸಿ ಉಳಿಸಿಕೊಳ್ಳಲು, ಹಾಲು ಚೀಪಲು ಒದ್ದಾಡುತ್ತೆ, ಸೋಂಕು ಬೇಗ ತಗಲುತ್ತೆ.

ತೂಕದ ಲೆಕ್ಕ ಹೇಳಿಬಿಡುತ್ತೇನೆ. ನಮ್ಮ ಕಡೆ ಒಂಬತ್ತು ತಿಂಗಳಲ್ಲಿ 10ರಿಂದ 12 ಕೆಜಿ ಏರಬೇಕು ಅಂತ ಹೇಳುತ್ತೇವೆ. ಇವಳ ಹಾಗೆ ಮೊದಲೇ ಬಡಕಲಾಗಿದ್ದರೆ ಹನ್ನೆರಡೂವರೆ ಏರಿದರೂ ಒಳ್ಳೆಯದೇ. ಐದು ತಿಂಗಳಿಗೆ ಎರಡು ಕೆಜಿ ಅಂದರೆ ಸ್ವಲ್ಪ ಹಿಂದೆ ಬಿದ್ದಿದ್ದಾಳೆ, ಕೈ ಮೀರಿಲ್ಲ. ಇಲ್ಲಿಂದ ವಾರಕ್ಕೆ ಸುಮಾರು ಅರ್ಧ ಕೆಜಿ ಏರುವ ಹಾಗೆ ನೋಡಿಕೊಳ್ಳಬೇಕು.

ರಕ್ತದ ವಿಷಯಕ್ಕೆ ಬರೋಣ, ಇದೇ ಎಲ್ಲಕ್ಕಿಂತ ತುರ್ತು. ಬಸುರಿಯಲ್ಲಿ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. 7ರಿಂದ 9.9 ಮಧ್ಯಮ, 7ಕ್ಕಿಂತ ಕೆಳಗೆ ತೀವ್ರ. ಅವಳು ನಡುವೆ ಇದ್ದಾಳೆ. ಇದಕ್ಕೆ ಗಂಡನ ಮನೆಯವರನ್ನು ದೂರಬೇಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ. 59.1 ಮಂದಿಗೆ ರಕ್ತಹೀನತೆ ಇತ್ತು, ಬಸುರಿಯರಲ್ಲಿ ಶೇ. 52.2. ಅಂದರೆ ನಮ್ಮ ಹುಡುಗಿಯರು ತವರಿನಿಂದಲೇ ರಕ್ತ ಕಡಿಮೆ ಇಟ್ಟುಕೊಂಡು ಹೋಗುತ್ತಿದ್ದಾರೆ. ಅತ್ತೆಯವರ ಜೊತೆ ಮಾತಾಡುವಾಗ ನೀವು ಇಲ್ಲಿಂದಲೇ ಶುರು ಮಾಡಿದರೆ ಅವರ ಮನಸ್ಸೂ ಮುಚ್ಚಿಕೊಳ್ಳುವುದಿಲ್ಲ.

ಊಟದಿಂದಲೇ ಸರಿ ಮಾಡಬಹುದಾ ಅಂತ ಎಲ್ಲರೂ ಕೇಳುತ್ತಾರೆ. ಲೆಕ್ಕ ನೋಡಿ. ಒಂದು ಬಸುರಿಗೆ ಒಟ್ಟು ಸುಮಾರು 1,000 ಮಿಲಿಗ್ರಾಂ ಕಬ್ಬಿಣ ಬೇಕು. ಅದರಲ್ಲಿ ಹೆಚ್ಚಿನದು ಬೇಕಾಗುವುದು ಐದನೇ ತಿಂಗಳ ನಂತರ. ಆಗ ದಿನಕ್ಕೆ ಐದಾರು ಮಿಲಿಗ್ರಾಂ ರಕ್ತಕ್ಕೆ ಸೇರಬೇಕು. ರೊಟ್ಟಿ, ಬೇಳೆ, ಸೊಪ್ಪಿನಲ್ಲಿ ಕಬ್ಬಿಣ ಇದ್ದರೂ ಅದು ಮೈಗೆ ಹತ್ತುವುದು ತುಂಬಾ ಕಡಿಮೆ. ದಿನಕ್ಕೆ 15 ಮಿಲಿಗ್ರಾಂ ಇರುವ ಊಟ ಮಾಡಿದರೂ ಒಳಗೆ ಸೇರುವುದು ಒಂದೋ ಒಂದೂವರೆಯೋ. ಉಳಿದದ್ದು ಎಲ್ಲಿಂದ ಬರಬೇಕು? ಬೀಟ್‌ರೂಟ್ ಕೆಂಪು, ದಾಳಿಂಬೆ ಕೆಂಪು, ಹಾಗಾಗಿ ರಕ್ತ ಬರುತ್ತೆ ಅಂತ ಜನ ದುಡ್ಡು ಸುರಿಯುತ್ತಾರೆ. ಅವು ಒಳ್ಳೆಯ ತರಕಾರಿ, ಒಳ್ಳೆಯ ಹಣ್ಣು. ಬಣ್ಣಕ್ಕೂ ಕಬ್ಬಿಣಕ್ಕೂ ಸಂಬಂಧ ಇಲ್ಲ. ಬೆಲ್ಲದಲ್ಲೂ ಜನ ಅಂದುಕೊಂಡಷ್ಟು ಇಲ್ಲ. 8.4ಕ್ಕೆ ಇಳಿದ ಮೇಲೆ ಊಟ ಒಂದನ್ನೇ ನಂಬಿ ಕೂತರೆ ಹೆರಿಗೆ ದಿನ ಹತ್ತಿರ ಬರುತ್ತೆ, ರಕ್ತ ಅಲ್ಲೇ ನಿಂತಿರುತ್ತೆ. ಇದನ್ನು ನಾನು ಬಹಳ ನೋಡಿದ್ದೇನೆ.

ಹಾಗಾಗಿ ಗುಳಿಗೆ ಮತ್ತೆ ಶುರು ಮಾಡಲೇಬೇಕು. ಸರ್ಕಾರಿ ಆಸ್ಪತ್ರೆಯ ಕೆಂಪು ಗುಳಿಗೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತೆ. ಆರೋಗ್ಯವಾಗಿರುವ ಬಸುರಿಗೆ ದಿನಕ್ಕೆ ಒಂದು, ಇವಳ ಹಾಗೆ ರಕ್ತ ಕಡಿಮೆ ಇದ್ದರೆ ಎರಡು. ಸಂಡಾಸ ಕಪ್ಪಾಗುವುದು ಹತ್ತದೆ ಉಳಿದ ಕಬ್ಬಿಣ ಹೊರಗೆ ಹೋಗುವುದರಿಂದ. ಅದು ರೋಗ ಅಲ್ಲ. ಮಗುವಿನ ಬಣ್ಣಕ್ಕೂ ಅದಕ್ಕೂ ಏನೂ ಸಂಬಂಧ ಇಲ್ಲ. ಬಣ್ಣ ಬರುವುದು ಅಪ್ಪ ಅಮ್ಮನಿಂದ. ವಾಕರಿಕೆ ಮಾತ್ರ ನಿಜವಾದ ತೊಂದರೆ, ಅದನ್ನು ತಳ್ಳಿಹಾಕಬಾರದು. ನಾನು ಹೀಗೆ ಮಾಡಿಸುತ್ತೇನೆ: ಮೊದಲ ವಾರ ರಾತ್ರಿ ಮಲಗುವಾಗ ಒಂದೇ ಗುಳಿಗೆ. ಅರ್ಧ ನಿಂಬೆ ಹಿಂಡಿದ ನೀರಿನ ಜೊತೆ. ನಿದ್ದೆ ಹತ್ತಿದರೆ ವಾಕರಿಕೆ ಗೊತ್ತಾಗುವುದಿಲ್ಲ. ಮೈಗೆ ಹೊಂದಿದ ಮೇಲೆ ಎರಡನೆಯದನ್ನು ಮಧ್ಯಾಹ್ನ ಉಂಡು ಒಂದು ತಾಸು ಬಿಟ್ಟು. ಚಹಾ, ಹಾಲು, ಕ್ಯಾಲ್ಸಿಯಂ ಗುಳಿಗೆ ಇವುಗಳ ಜೊತೆ ಮಾತ್ರ ಬೇಡ. ಕ್ಯಾಲ್ಸಿಯಂ ಗುಳಿಗೆ 500 ಮಿಲಿಗ್ರಾಂನದು ದಿನಕ್ಕೆ ಎರಡು ಸಲ. ಬೆಳಗ್ಗೆ ತಿಂಡಿ ಆದ ಮೇಲೆ ಒಂದು, ಸಂಜೆ ಏನಾದರೂ ತಿಂದು ಒಂದು. ಕಬ್ಬಿಣಕ್ಕೂ ಇದಕ್ಕೂ ಎರಡು ತಾಸು ಅಂತರ ಇರಲಿ. ಜಂತು ಗುಳಿಗೆ ಕೊಟ್ಟಿದ್ದಾರಾ ಅಂತಲೂ ಕೇಳಿ. ಮೊದಲ ಮೂರು ತಿಂಗಳು ದಾಟಿದ ಮೇಲೆ ಒಂದು ಸಲ ಕೊಡುತ್ತಾರೆ.

ನಾಲ್ಕು ವಾರ ಆದ ಮೇಲೆ ರಕ್ತ ಮತ್ತೆ ನೋಡಿಸಬೇಕು. ಒಂದು ಗ್ರಾಂ ಆದರೂ ಏರಿರಬೇಕು. ಏರಿಲ್ಲ ಅಂದರೆ, ಇಲ್ಲವೇ ಗುಳಿಗೆ ಮೈಗೆ ಹೊಂದಲೇ ಇಲ್ಲ ಅಂದರೆ, ನರಕ್ಕೆ ಕೊಡುವ ಕಬ್ಬಿಣದ ಇಂಜೆಕ್ಷನ್ ಇದೆ. ರಕ್ತ ಬೇಗ ಏರುತ್ತೆ, ಹೊಟ್ಟೆಗೆ ತೊಂದರೆ ಇಲ್ಲ. ಆದರೆ ಅಪರೂಪಕ್ಕೆ ಕೆಲವರಿಗೆ ಅಲರ್ಜಿ ಆಗುತ್ತೆ, ಉಸಿರು ಕಟ್ಟಬಹುದು. ಅದಕ್ಕೇ ಇದನ್ನು ಡಾಕ್ಟರ್ ಇರುವ, ಅಂಥ ಹೊತ್ತಿನಲ್ಲಿ ಸಂಭಾಳಿಸುವ ಸೌಲಭ್ಯ ಇರುವ ಆಸ್ಪತ್ರೆಯಲ್ಲೇ ಹಾಕಿಸಬೇಕು. ಊರಿಗೆ ಬೈಕಿನಲ್ಲಿ ಬಂದು ಬಾಟಲಿ ಏರಿಸುವವರ ಕೈಗೆ ಕೊಡಬೇಡಿ. ರಕ್ತ ಏರಿಸುವುದು ಕೊನೆಯ ದಾರಿ, ತೀರಾ ಇಳಿದಾಗ ಇಲ್ಲವೇ ಹೆರಿಗೆ ಹತ್ತಿರ ಬಂದುಬಿಟ್ಟಾಗ. ಸರಿಯಾಗಿ ಗುಳಿಗೆ ನುಂಗಿಯೂ ಏರದಿದ್ದರೆ ಥಲಸ್ಸೀಮಿಯಾ, ಸಿಕಲ್ ಸೆಲ್ ಅನ್ನುವ ಹುಟ್ಟಿನಿಂದ ಬರುವ ರಕ್ತದ ಕಾಯಿಲೆ ಇದೆಯಾ ಅಂತ ಪರೀಕ್ಷೆ ಮಾಡಿಸಬೇಕಾಗುತ್ತೆ.

ಊಟ ಬೇಡ ಅಂತ ನಾನು ಹೇಳಲಿಲ್ಲ. ಗುಳಿಗೆ ಕಬ್ಬಿಣ ಕೊಡುತ್ತೆ. ಮಗುವಿನ ಮಾಂಸ, ಮಿದುಳು, ಎಲುಬು, ತಾಯಿಯ ಕಸುವು ಎಲ್ಲ ಊಟದಿಂದಲೇ ಆಗಬೇಕು.

ಬಸುರಿಗೆ ದಿನಕ್ಕೆ ಎಂದಿಗಿಂತ 350 ಕ್ಯಾಲೊರಿ ಹೆಚ್ಚು ಬೇಕು ಅಂತ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಲೆಕ್ಕ. ಪ್ರೋಟೀನು ನಡುವಿನ ಮೂರು ತಿಂಗಳು 9.5 ಗ್ರಾಂ, ಕೊನೆಯ ಮೂರು ತಿಂಗಳು 22 ಗ್ರಾಂ ಹೆಚ್ಚು. ಇದನ್ನು ತಟ್ಟೆಗೆ ತಂದರೆ ಬಹಳ ದೊಡ್ಡದೇನಲ್ಲ. ಒಂದು ಜೋಳದ ರೊಟ್ಟಿ, ಒಂದು ಲೋಟ ಹಾಲು, ಒಂದು ಶೇಂಗಾ ಉಂಡಿ. ಇವಳು ಬಡಕಲು, ಹಾಗಾಗಿ ಇದರ ಮೇಲೆ ಇನ್ನಷ್ಟು ತಿಂದರೂ ಜಾಸ್ತಿ ಆಗುವುದಿಲ್ಲ. ಆದರೆ ಒಂದು ಮಾತು. ಈ ಲೆಕ್ಕ ಇರುವುದು ಮೊದಲು ಹೊಟ್ಟೆ ತುಂಬ ಉಣ್ಣುತ್ತಿದ್ದವಳಿಗೆ. ಮೊದಲೇ ಅರೆಹೊಟ್ಟೆ ಇದ್ದರೆ ಆ ಅರೆಯನ್ನೂ ತುಂಬಬೇಕು.

ನಿಮ್ಮ ಕಡೆಯ ಅಡುಗೆ ನನಗೆ ಚೆನ್ನಾಗಿ ಗೊತ್ತು. ಬಸುರಿಗೆ ಅದಕ್ಕಿಂತ ಒಳ್ಳೆಯದನ್ನು ಪೇಟೆಯಿಂದ ತರಬೇಕಾಗಿಲ್ಲ. ಜೋಳದ ರೊಟ್ಟಿ, ಸಜ್ಜೆ ರೊಟ್ಟಿ, ಹೆಸರುಕಾಳು ಪಲ್ಯ, ಮಡಿಕೆಕಾಳು ಪಲ್ಯ, ಝುಣಕ, ಪುಂಡಿ ಪಲ್ಯ, ಮೆಂತ್ಯ, ರಾಜಗಿರಿ, ಮೇಲೊಂದು ಚಮಚ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ, ಒಂದು ಬಟ್ಟಲು ಮೊಸರು. ಇದರಲ್ಲಿ ಎಲ್ಲವೂ ಇದೆ. ಕಾಳನ್ನು ನೆನೆಸಿ ಮೊಳಕೆ ಬರಿಸಿದರೆ ಕಬ್ಬಿಣ ಸ್ವಲ್ಪ ಹೆಚ್ಚು ಹತ್ತುತ್ತೆ. ಪಲ್ಯದ ಮೇಲೆ ನಿಂಬೆ ಹಿಂಡಿದರೆ, ಊಟದ ಜೊತೆ ಒಂದು ಪೇರಲ ಹಣ್ಣೋ ನೆಲ್ಲಿಕಾಯಿಯೋ ತಿಂದರೆ ಇನ್ನೂ ಹೆಚ್ಚು. ತೊಂದರೆ ಮಾಡುವುದು ಚಹಾ. ಉಂಡ ಕೂಡಲೇ ಚಹಾ ಕುಡಿದರೆ ಊಟದ ಕಬ್ಬಿಣ ಅದಕ್ಕೆ ಕಟ್ಟಿಕೊಂಡು ಹೊರಗೆ ಹೋಗುತ್ತೆ. ಚಹಾ ಬಿಡಿ ಅಂದರೆ ಯಾರೂ ಬಿಡುವುದಿಲ್ಲ, ನನಗೆ ಗೊತ್ತು. ದಿನಕ್ಕೆ ಎರಡು ಸಾಕು, ಊಟಕ್ಕೆ ಒಂದು ತಾಸು ಹಿಂದೆ ಮುಂದೆ.

ಪಪ್ಪಾಯಿ ಬಗ್ಗೆ ಅತ್ತೆಯವರ ಮಾತಿನಲ್ಲಿ ಒಂದಷ್ಟು ಹುರುಳಿದೆ. ಕಾಯಿಯ ಬಿಳಿ ಹಾಲು ಗರ್ಭಕೋಶವನ್ನು ಕೆರಳಿಸಬಲ್ಲದು, ಹಾಗಾಗಿ ಕಾಯಿ, ಅರೆಹಣ್ಣು ಬೇಡ. ಚೆನ್ನಾಗಿ ಮಾಗಿದ ಹಣ್ಣಿನಿಂದ ಏನೂ ಆಗುವುದಿಲ್ಲ. ಆದರೂ ಈ ಒಂದು ಹಣ್ಣಿಗಾಗಿ ಮನೆಯಲ್ಲಿ ಜಗಳ ಮಾಡಬೇಡಿ. ಪಪ್ಪಾಯಿ ಬಿಟ್ಟು ಪೇರಲ ಕೊಡಲಿ. ಬಾಳೆಹಣ್ಣು, ಎಳ್ಳು ಎರಡನ್ನೂ ಧಾರಾಳವಾಗಿ ತಿನ್ನಬಹುದು. ಎಳ್ಳಿನಲ್ಲಿ ಸುಣ್ಣದ ಅಂಶ ತುಂಬಾ ಇದೆ. ಮನೆಯ ಚಟ್ನಿ, ಉಂಡೆಯಲ್ಲಿ ತಿನ್ನುವಷ್ಟು ಎಳ್ಳಿನಿಂದ ಬಸುರು ಇಳಿದದ್ದನ್ನು ನಾನು ಕಂಡಿಲ್ಲ. ಮೊಟ್ಟೆಯನ್ನು ಮಾತ್ರ ಬಿಟ್ಟುಕೊಡಬೇಡಿ. ಒಂದರಲ್ಲಿ ಆರು ಗ್ರಾಂ ಒಳ್ಳೆಯ ಪ್ರೋಟೀನ್, ಮಗುವಿನ ಮಿದುಳಿಗೆ ಬೇಕಾದ ಕೋಲಿನ್ ಕೂಡ ಇದೆ. ಗಟ್ಟಿಯಾಗಿ ಬೇಯಿಸಿ ತಿನ್ನಲಿ. ಮನೆಯಲ್ಲಿ ಮಾಂಸ ಮಾಡಿದ ದಿನ ಅವಳಿಗೆ ಬರೀ ಸಾರು ಬಡಿಸಬೇಡಿ, ತುಂಡೂ ಬಡಿಸಲಿ. ಚೆನ್ನಾಗಿ ಬೆಂದಿರಲಿ. ಲಿವರ್ ಮಾತ್ರ ಬೇಡ, ಅದರಲ್ಲಿ ವಿಟಮಿನ್ ಎ ಮಗುವಿಗೆ ಒಳ್ಳೆಯದಲ್ಲದಷ್ಟು ಇರುತ್ತೆ. ಇನ್ನು ಉಪ್ಪು. ಹರಳುಪ್ಪು ಬಳಸುತ್ತಿದ್ದರೆ ಅಯೋಡಿನ್ ಇರುವ ಪ್ಯಾಕೆಟ್ ಉಪ್ಪಿಗೆ ಬದಲಿಸಿ.

ಪ್ರೋಟೀನ್ ಪುಡಿ ಕಳಿಸಬೇಡಿ. ಎಷ್ಟೋ ಡಬ್ಬಿಗಳಲ್ಲಿ ಸಕ್ಕರೆಯೇ ಜಾಸ್ತಿ. ಅದೂ ಅಲ್ಲದೆ ಡಬ್ಬಿ ಬಂದ ಮೇಲೆ ಮನೆಯವರು ‘ಅಕಿಗೆ ಪೌಡರ್ ಐತಲ್ಲ’ ಅಂತ ಊಟದ ಕಡೆ ನೋಡುವುದಿಲ್ಲ. ಅದೇ ದುಡ್ಡಿಗೆ ತಿಂಗಳಿಗೆ ಎರಡು ಕೆಜಿ ಶೇಂಗಾ, ಮೊಟ್ಟೆಯ ಎರಡು ಟ್ರೇ ಬರುತ್ತೆ. ಒಂದು ಮುಷ್ಟಿ ಶೇಂಗಾದಲ್ಲಿ ಏಳು ಗ್ರಾಂ ಪ್ರೋಟೀನ್ ಇದೆ.

ಆದರೆ ನೀವು ಕೇಳದ ಒಂದು ಪ್ರಶ್ನೆ ಇದೆ. ಏನು ತಿನ್ನಬೇಕು ಅಂತ ಕೇಳಿದ್ದೀರಿ. ಯಾವಾಗ ತಿನ್ನುತ್ತಾಳೆ, ಯಾರು ಬಡಿಸುತ್ತಾರೆ ಅಂತ ವಿಚಾರಿಸಿದ್ದೀರಾ?

ಹೊಸ ಸೊಸೆಯ ದಿನ ಹೇಗಿರುತ್ತೆ ನೋಡಿ. ಐದಕ್ಕೆ ಎದ್ದು ಅಂಗಳ ಬಳಿದು ಒಂದು ಕಪ್ ಚಹಾ. ಆಮೇಲೆ ಹತ್ತು ಹದಿನೈದು ರೊಟ್ಟಿ ಬಡಿಯುವುದು. ಗಂಡಸರು ಉಂಡು ಹೊಲಕ್ಕೆ ಹೋಗಬೇಕು, ಮಕ್ಕಳು ಶಾಲೆಗೆ ಹೋಗಬೇಕು. ಅವಳು ಕೂರುವ ಹೊತ್ತಿಗೆ ಹನ್ನೊಂದು. ರಾತ್ರಿ ಎಲ್ಲರದೂ ಆದ ಮೇಲೆ ಪಾತ್ರೆ ತಳದಲ್ಲಿ ಉಳಿದದ್ದು. ಪಲ್ಯ ಮುಗಿದಿದ್ದರೆ ರೊಟ್ಟಿ ಚಟ್ನಿ. ಯಾರೂ ಬೇಕಂತ ಉಪವಾಸ ಕೆಡವಿಲ್ಲ. ಅವಳೂ ಕೇಳುವುದಿಲ್ಲ. ಹದಿನೆಂಟರ ಹುಡುಗಿ ಹೊಸ ಮನೆಯಲ್ಲಿ ‘ನನಗ ಹಸಿವಾಗೈತಿ’ ಅನ್ನಲು ಬಾಯಿ ಬರುವುದಿಲ್ಲ. ನಾನು ಎಷ್ಟೋ ಚೀಟಿಗಳಲ್ಲಿ ಹಾಲು, ಮೊಟ್ಟೆ, ಸೊಪ್ಪು ಅಂತ ಬರೆದು ಕಳಿಸಿದ್ದೇನೆ. ಬಡಿಸುವವರ ಜೊತೆ ಮಾತಾಡದೆ ಬರೆದ ಚೀಟಿ ಉಪಯೋಗಕ್ಕೆ ಬಂದದ್ದು ಕಡಿಮೆ.

ಅದಕ್ಕೇ ಈಗ ನಾನು ಮೂರೇ ವಿಷಯ ಕೇಳುತ್ತೇನೆ, ಅದೂ ಅತ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು. ಬೆಳಗ್ಗೆ ಒಲೆ ಮುಂದೆ ಕೂರುವ ಮೊದಲು ಅವಳ ಹೊಟ್ಟೆಗೆ ಏನಾದರೂ ಬೀಳಬೇಕು, ನಿನ್ನೆಯ ರೊಟ್ಟಿ ಮೊಸರಾದರೂ ಸರಿ. ಅವಳ ಪಾಲಿನ ಪಲ್ಯ, ಬೇಳೆಯನ್ನು ಮೊದಲೇ ಒಂದು ಬಟ್ಟಲಿಗೆ ತೆಗೆದಿಡಬೇಕು. ಮೂರನೆಯದು ಅವಳ ಕೈಗೆ ಸಿಗುವ ಜಾಗದಲ್ಲಿ ಒಂದು ಡಬ್ಬಿ. ಶೇಂಗಾ ಉಂಡಿ, ಹುರಿಗಡಲೆ, ಖರ್ಜೂರ ಹಾಕಿಟ್ಟ ಡಬ್ಬಿ. ಕೇಳದೆ ತೆಗೆದುಕೊಂಡು ತಿನ್ನುವಂತಿರಬೇಕು. ಆ ಡಬ್ಬಿಯನ್ನು ನೀವೇ ತುಂಬಿಸಿ ಕಳಿಸಿ. ಪ್ರೋಟೀನ್ ಪುಡಿಗಿಂತ ಅದು ಮೇಲು.

ಅಂಗನವಾಡಿಗೆ ಹೋಗುತ್ತಾಳಾ ಕೇಳಿ. 2017ರ ಅಕ್ಟೋಬರ್ 2ರಿಂದ ನಮ್ಮ ರಾಜ್ಯದಲ್ಲಿ ಮಾತೃಪೂರ್ಣ ಯೋಜನೆ ಇದೆ. ಬಸುರಿ, ಬಾಣಂತಿಯರಿಗೆ ತಿಂಗಳಿಗೆ 25 ದಿನ ಮಧ್ಯಾಹ್ನ ಅನ್ನ, ಸಾಂಬಾರು, ಮೊಟ್ಟೆ, ಹಾಲು, ಶೇಂಗಾ ಚಿಕ್ಕಿ ಕೊಡಬೇಕು ಅಂತ ಮಾಡಿದ ಯೋಜನೆ. ಹೊಸ ಸೊಸೆಯರು ಹೋಗಲು ನಾಚುತ್ತಾರೆ. ಮನೆಯವರಿಗೂ ‘ನಮ್ಮ ಮನಿ ಸೊಸಿ ಊಟಕ್ಕ ಅಲ್ಲಿ ಯಾಕ ಹೋಗಬೇಕು’ ಅನ್ನುವ ಮಾನದ ಪ್ರಶ್ನೆ. ಅತ್ತೆಯೇ ಎರಡು ದಿನ ಜೊತೆಗೆ ಹೋಗಿ ಕೂತು ಬಂದರೆ ಈ ನಾಚಿಕೆ ಹೋಗುತ್ತೆ. ಓಣಿಯ ಇನ್ನೊಬ್ಬ ಬಸುರಿ ಇದ್ದರೆ ಇನ್ನೂ ಒಳ್ಳೆಯದು, ಇಬ್ಬರೂ ಕೂಡಿ ಹೋಗಲಿ.

ಬೆಂಗಳೂರಿಗೆ ಕರೆಸಿಕೊಳ್ಳುವ ವಿಚಾರ. ನಿಮ್ಮ ಆಸೆ ಅರ್ಥವಾಗುತ್ತೆ. ಆದರೆ ನೀವು ಬೆಳಗ್ಗೆ ಕೆಲಸಕ್ಕೆ ಹೋದರೆ ಸಂಜೆಯವರೆಗೆ ಅವಳು ಒಬ್ಬಳೇ. ಊರಿನಲ್ಲಿ ಆಶಾ ಕಾರ್ಯಕರ್ತೆಗೆ ಅವಳು ಗೊತ್ತು, ಅಲ್ಲಿನ ಆಸ್ಪತ್ರೆಯಲ್ಲಿ ಅವಳ ಹೆಸರಿದೆ. ಅದನ್ನು ಕಡಿದು ತಂದರೆ ಇಲ್ಲಿ ಮತ್ತೆ ಮೊದಲಿನಿಂದ ಶುರು. ಮನೆಯವರಿಗೆ ಅವಮಾನವೂ ಆಗಬಹುದು, ಅದರ ಬಿಸಿ ಕೊನೆಗೆ ತಟ್ಟುವುದು ಅವಳಿಗೇ. ಕುಬಸ ಮುಗಿಸಿ ಏಳನೇ ತಿಂಗಳಿಗೆ ತವರಿಗೆ ಕರೆತರುವ ಪದ್ಧತಿ ಹೇಗೂ ಇದೆ. ಬೇಕಿದ್ದರೆ ಅದನ್ನೇ ಒಂದು ತಿಂಗಳು ಮುಂಚೆ ಮಾಡಿ. ತವರಿನಲ್ಲಿ ಅವ್ವನ ಮುಂದೆ ಅವಳು ಕೇಳಿ ಉಣ್ಣುತ್ತಾಳೆ. ತಾಯಿ ಕಾರ್ಡ್ ಮಾತ್ರ ಎಲ್ಲಿ ಹೋದರೂ ಜೊತೆಗಿರಬೇಕು. ಪ್ರತಿ ತಿಂಗಳು 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ಇರುತ್ತೆ. ಮುಂದಿನ 9ಕ್ಕೆ ತಪ್ಪದೆ ಕಳಿಸಿ. ಹೆರಿಗೆ ಆಪರೇಷನ್, ರಕ್ತ ಎರಡೂ ಸಿಗುವ ದೊಡ್ಡ ಆಸ್ಪತ್ರೆಯಲ್ಲೇ ಆಗಲಿ. ಆಪರೇಷನ್ ಆಗೇ ಆಗುತ್ತೆ ಅಂತ ಅಲ್ಲ. ರಕ್ತ ಕಡಿಮೆ ಇರುವವಳನ್ನು ಹೆರಿಗೆ ನೋವಿನಲ್ಲಿ ಐವತ್ತು ಕಿಲೋಮೀಟರ್ ಸಾಗಿಸುವ ಪರಿಸ್ಥಿತಿ ಬರಬಾರದು.

ಚಿಕ್ಕ ವಯಸ್ಸಿನ ಚೊಚ್ಚಲು ಬಸುರಿಯರಲ್ಲಿ ಬಿ.ಪಿ. ಏರುವ ತೊಂದರೆ ಹೆಚ್ಚು. ಸಹಿಸಲಾರದ ತಲೆನೋವು, ಕಣ್ಣು ಮಂಜಾಗುವುದು, ಮುಖ ಮತ್ತು ಕೈ ಊದುವುದು, ಹೊಟ್ಟೆಯ ಮೇಲ್ಭಾಗದಲ್ಲಿ ನೋವು, ಫಿಟ್ಸ್, ರಕ್ತ ಹೋಗುವುದು, ಮಗು ಮಿಸುಕಾಡುವುದು ಕಡಿಮೆಯಾಗುವುದು, ಕೂತಲ್ಲೇ ಏದುಸಿರು ಬರುವುದು. ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಅಂತ ಕಾಯಬೇಡಿ, 108ಕ್ಕೆ ಫೋನ್ ಮಾಡಿ.

ಹೆರಿಗೆ ಆದ ಮೇಲೆ ಬಾಣಂತನದ ಪಥ್ಯ ಶುರುವಾಗುತ್ತೆ. ಅದರ ಬಗ್ಗೆ ಈಗಲೇ ಮಾತಾಡಿಟ್ಟುಕೊಳ್ಳಿ. ಕೆಲವು ಮನೆಗಳಲ್ಲಿ ನೀರು ಅಳತೆ ಮಾಡಿ ಕೊಡುತ್ತಾರೆ, ತಿಂಗಳುಗಟ್ಟಲೆ ಬಿಳಿ ಅನ್ನ, ಸಾರು ಬಿಟ್ಟು ಬೇರೆ ಇಲ್ಲ. ಪಾಲಿಶ್ ಅಕ್ಕಿಯ ಅನ್ನ ಮಾತ್ರ ಉಂಡ ತಾಯಿಯ ಹಾಲಿನಲ್ಲಿ ಬಿ1 ವಿಟಮಿನ್ ಇಲ್ಲದೆ ಹಾಲು ಕುಡಿಯುವ ಕೂಸಿನ ಹೃದಯಕ್ಕೇ ತೊಂದರೆ ಬಂದದ್ದಿದೆ. ಹಾಲುಣಿಸುವವಳಿಗೆ ಬಸುರಿಗಿಂತಲೂ ಹೆಚ್ಚು ಊಟ ಬೇಕು, ಮೊದಲ ಆರು ತಿಂಗಳು ದಿನಕ್ಕೆ 600 ಕ್ಯಾಲೊರಿ ಹೆಚ್ಚು. ಅಂಟಿನ ಉಂಡೆ, ಕೊಬ್ಬರಿ, ಮೆಂತ್ಯ ಎಲ್ಲ ಒಳ್ಳೆಯದೇ. ಅದರ ಜೊತೆ ಬೇಳೆ, ಕಾಳು, ಸೊಪ್ಪು, ಕೇಳಿದಷ್ಟು ನೀರು. ಕಬ್ಬಿಣ, ಕ್ಯಾಲ್ಸಿಯಂ ಗುಳಿಗೆಯನ್ನು ಹೆರಿಗೆ ಆಗಿ ಆರು ತಿಂಗಳವರೆಗೂ ಮುಂದುವರಿಸಬೇಕು. ಎರಡನೇ ಮಗು ಬೇಕಾದರೆ ಕಡಿಮೆ ಅಂದರೂ ಎರಡು ವರ್ಷ, ಸಾಧ್ಯವಾದರೆ ಮೂರು ವರ್ಷ ಬಿಟ್ಟು. ಬರಿದಾದ ಮೈ ತುಂಬಲು ಅಷ್ಟು ಕಾಲ ಬೇಕು. ಅದಕ್ಕೆ ಏನು ಬಳಸಬೇಕು ಅಂತ ಗಂಡ ಹೆಂಡತಿ ಇಬ್ಬರೂ ಹೆರಿಗೆಗೆ ಮುಂಚೆಯೇ ಡಾಕ್ಟರ್ ಹತ್ತಿರ ಕೇಳಿಕೊಳ್ಳಲಿ.

ಇದನ್ನು ಓದುವ ಬೇರೆಯವರ ಮನೆಯಲ್ಲಿ ಹದಿನೆಂಟು ತುಂಬದ ಬಸುರಿ ಇರಬಹುದು. ಅವರಿಗೊಂದು ಮಾತು. ಹದಿನೆಂಟರ ಒಳಗಿನ ಮದುವೆ ಕರ್ನಾಟಕದಲ್ಲಿ ಕಾನೂನಿನ ಪ್ರಕಾರ ಮದುವೆಯೇ ಅಲ್ಲ. ಅಂಥ ಬಸುರಿ ಬಂದರೆ, ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೋ ಕಾಯ್ದೆ ಪ್ರಕಾರ ವೈದ್ಯರು ಪೊಲೀಸರಿಗೆ ತಿಳಿಸಲೇಬೇಕು. ಈ ಹೆದರಿಕೆಗೆ ಮನೆಯವರು ಹುಡುಗಿಯನ್ನು ಒಳಗೆ ಮುಚ್ಚಿಡುತ್ತಾರೆ. ಆಗ ಅವಳಿಗೆ ತಾಯಿ ಕಾರ್ಡ್ ಇಲ್ಲ, ಗುಳಿಗೆ ಇಲ್ಲ, ಮೊಟ್ಟೆ ಇಲ್ಲ, ಬಿ.ಪಿ. ನೋಡುವವರಿಲ್ಲ. ಎಂಟು ತಿಂಗಳಿಗೆ ಫಿಟ್ಸ್ ಬಂದ ಮೇಲೆ ಎತ್ತಿಕೊಂಡು ಓಡಿ ಬರುತ್ತಾರೆ. ಎಲ್ಲರಿಗಿಂತ ಹೆಚ್ಚು ಆರೈಕೆ ಬೇಕಾದವಳು ಅವಳೇ. ಆಸ್ಪತ್ರೆಯವರು ಚಿಕಿತ್ಸೆ ಇಲ್ಲ ಅನ್ನುವಂತಿಲ್ಲ. ಮಕ್ಕಳ ಸಹಾಯವಾಣಿ 1098 ಇದೆ. ದಯವಿಟ್ಟು ಮುಚ್ಚಿಡಬೇಡಿ.

ನಿಮ್ಮ ತಂಗಿಯ ವಿಷಯಕ್ಕೆ ವಾಪಸ್ ಬರುತ್ತೇನೆ. ಇವತ್ತು ಸಂಜೆ ಅತ್ತೆಯವರಿಗೆ ಫೋನ್ ಮಾಡಿ. ತಪ್ಪು ಹುಡುಕಬೇಡಿ. ‘ಅತ್ತಿ, ತವರಿನಾಗ ಇದ್ದಾಗಲೇ ಅಕಿ ಮೈಯಾಗ ರಕ್ತ ಕಮ್ಮಿ ಇತ್ತು, ನಮಗ ಗೊತ್ತಾಗಿಲ್ಲ, ಈಗ ನೀವು ನಾವು ಕೂಡಿ ನೋಡೋಣ’ ಅಂತ ಹೇಳಿ. ಮುಂದಿನ 9ನೇ ತಾರೀಕಿನ ತಪಾಸಣೆಗೆ ಅವರನ್ನೇ ಜೊತೆಗೆ ಹೋಗಲು ಕೇಳಿಕೊಳ್ಳಿ. ನಾಲ್ಕು ವಾರದ ನಂತರದ ರಕ್ತದ ರಿಪೋರ್ಟು, ತೂಕ ಎರಡನ್ನೂ ನನಗೆ ಬರೆದು ಕಳಿಸಿ. ತಂಗಿಗೆ ಫೋನ್ ಮಾಡಿದಾಗ ‘ಹೆಂಗದೀ’ ಅಂತ ಕೇಳಿದರೆ ‘ಆರಾಮದೀನಿ’ ಅಂತಲೇ ಹೇಳುತ್ತಾಳೆ. ಇವತ್ತು ಮುಂಜಾನೆ ಎಷ್ಟು ಗಂಟೆಗೆ ಉಂಡೆ, ಏನು ಉಂಡೆ ಅಂತ ಕೇಳಿ.